ಗಾಡಿ ಮಾತು: ಸರ್ವಿಸ್ ಸೆಂಟರೋ, ಬೀದಿ ಗ್ಯಾರೇಜೋ?

ಪ್ರಶ್ನೆ: ನಂದು 2018ರ ಸ್ವಿಫ್ಟ್ ಪೆಟ್ರೋಲ್, 62 ಸಾವಿರ ಕಿ.ಮೀ. ಓಡಿದೆ, ವಾರಂಟಿ ಯಾವತ್ತೋ ಮುಗೀತು. ಸರ್ವಿಸ್ ಸೆಂಟರ್‌ನಲ್ಲಿ 14 ಸಾವಿರ ಎಸ್ಟಿಮೇಟ್ ಕೊಟ್ಟಿದಾರೆ, ನಮ್ಮ ಬೀದಿ ಮೆಕ್ಯಾನಿಕ್ ಐದೂವರೆ ಸಾವಿರಕ್ಕೆ ಮುಗಿಸ್ತೀನಿ ಅಂತಾನೆ. ಯಾರನ್ನ ನಂಬ್ಲಿ?
– ಓದುಗರು, ತುಮಕೂರು

ಉತ್ತರ: ಒಟ್ಟು ಮೊತ್ತ ಬಿಟ್ಟಾಕಿ ಸಾರ್, ಎಸ್ಟಿಮೇಟ್‌ನ ಒಂದೊಂದೇ ಲೈನ್ ಓದಿ. ಆಯಿಲ್, ಫಿಲ್ಟರು, ಬ್ರೇಕ್ ಕ್ಲೀನಿಂಗ್, ವೀಲ್ ಅಲೈನ್ಮೆಂಟ್ ಇವೆಲ್ಲ ಸರಿ. ಅದರ ಕೆಳಗೆ ಇಂಜಿನ್ ಫ್ಲಶ್, ಡಿಕಾರ್ಬನೈಸಿಂಗ್, ಅಂಡರ್ ಬಾಡಿ ಕೋಟಿಂಗ್, ಇಂಟೀರಿಯರ್ ಪಾಲಿಶ್ ಅಂತ ಸೇರ್ಸಿದಾರಾ ನೋಡಿ, ಸೇರ್ಸಿದ್ರೆ ಗಾಡಿ ಜೊತೆ ಬಂದ ಪುಸ್ತಕದಲ್ಲಿ ಮೆಂಟೇನೆನ್ಸ್ ಟೇಬಲ್ ಇರುತ್ತಲ್ಲ ಅದನ್ನ ತೆಗೆದು ತಾಳೆ ಹಾಕಿ, ಅಲ್ಲಿಲ್ದೇ ಇರೋದನ್ನೆಲ್ಲ ಜಾಬ್ ಕಾರ್ಡ್‌ನಿಂದ (ಮಾಡ್ಬೇಕಾದ ಕೆಲ್ಸಗಳನ್ನ ಬರ್ಕೊಳ್ಳೋ ಚೀಟಿ) ಹೊಡೆದು ಹಾಕ್ಸಿ. ಸರ್ವಿಸ್ ಸೆಂಟರ್ ಅಡ್ವೈಸರ್‌ಗೆ ಟಾರ್ಗೆಟ್ ಇರುತ್ತೆ ಪಾಪ, ಅದನ್ನ ತುಂಬ್ಸೋದು ನಿಮ್ಮ ಕೆಲ್ಸ ಅಲ್ವಲ್ಲ. ಇಷ್ಟಾದ್ಮೇಲೆ ಎರಡೂ ಕಡೆ ರೇಟ್ ಹೋಲ್ಸಿ.

ನನ್ನ ಕೇಳಿದ್ರೆ ಇಷ್ಟು ಹಳೇ ಗಾಡಿಗೆ ಮಾಮೂಲಿ ಸರ್ವಿಸ್ ಹೊರಗಡೆನೇ ಸಾಕು, ಆದ್ರೆ ಆ ಮೆಕ್ಯಾನಿಕ್‌ಗೆ ಕೆಲ್ಸ ಗೊತ್ತಿರ್ಬೇಕು. ಸುಮ್ನೆ "ಟೈಮಿಂಗ್ ಬೆಲ್ಟ್ ಯಾವಾಗ ಚೇಂಜ್ ಮಾಡ್ಸೋದಣ್ಣ" ಅಂತ ಕೇಳಿ ನೋಡಿ, ಈಗ್ಲೇ ಮಾಡ್ಸಿ ಅಂದ್ರೆ ಅಲ್ಲಿಂದ ಎದ್ದು ಬನ್ನಿ, ಯಾಕಂದ್ರೆ ನಿಮ್ಮ ಇಂಜಿನ್‌ಗೆ ಇರೋದು ಬೆಲ್ಟ್ ಅಲ್ಲ ಚೈನು! ಆಯಿಲ್ ಮಾತ್ರ ಡ್ರಮ್ಮಿಂದ ಸುರಿಸ್ಕೋಬೇಡಿ, ಪುಸ್ತಕದಲ್ಲಿರೋ ಗ್ರೇಡ್‌ನ ಸೀಲ್ ಕ್ಯಾನೇ ತಗೊಂಡು ಕಣ್ಣೆದುರಿಗೆ ಓಪನ್ ಮಾಡ್ಸಿ, ಮೂರು ಲೀಟರ್ ಚಿಲ್ಲರೆ ಹಿಡಿಯುತ್ತೆ ಅಷ್ಟೆ. ಫಿಲ್ಟರ್ ಜೆನ್ಯೂನ್ ಪಾರ್ಟ್ಸ್ ಅಂಗಡಿಯಿಂದ ನೀವೇ ತಂದ್ಕೊಡಿ, ಬಿಚ್ಚಿದ ಹಳೇ ಪಾರ್ಟು ವಾಪಸ್ ಕೇಳಿ. ಏರ್‌ಬ್ಯಾಗ್ ಲೈಟ್ ಅಥವಾ ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದ್ರೂ ವೀಲ್ ಲಾಕ್ ಆಗ್ದಂಗೆ ನೋಡ್ಕೊಳ್ಳೋದು) ಲೈಟ್ ಬಂದ್ರೆ ಮಾತ್ರ ಸೀದಾ ಸರ್ವಿಸ್ ಸೆಂಟರ್‌ಗೇ ಹೋಗಿ. ಹಾಗೇ ಕಂಪನಿ ವೆಬ್‌ಸೈಟ್‌ನಲ್ಲಿ ಚಾಸಿಸ್ ನಂಬರ್ ಹಾಕಿ ರೀಕಾಲ್ (ದೋಷ ಇದೆ ಅಂತ ಕಂಪನಿನೇ ಗಾಡಿ ವಾಪಸ್ ಕರೆಸೋದು) ಇದ್ಯಾ ಅಂತಾನೂ ನೋಡ್ಕೊಳ್ಳಿ, ಇದ್ರೆ ಆ ರಿಪೇರಿ ಫ್ರೀ.

ಪ್ರಶ್ನೆ: ಕಾರ್ ತಗೊಂಡು ಎಂಟು ತಿಂಗಳಾಯ್ತು, ಹೊರಗಡೆ ಆಯಿಲ್ ಚೇಂಜ್ ಮಾಡ್ಸಿದ್ರೆ ವಾರಂಟಿ ಹೋಗುತ್ತಾ?
– ಓದುಗರು, ಮೈಸೂರು

ಉತ್ತರ: 2014ರಲ್ಲಿ ಕಂಪನಿಗಳ ಪೈಪೋಟಿ ನ್ಯಾಯವಾಗಿದ್ಯಾ ಅಂತ ನೋಡೋ ಸ್ಪರ್ಧಾ ಆಯೋಗ 14 ಕಾರ್ ಕಂಪನಿಗಳಿಗೆ 2,544 ಕೋಟಿ ರೂಪಾಯಿಗೂ ಮೇಲೆ ದಂಡ ಹಾಕಿತ್ತು, ಸ್ಪೇರ್ ಪಾರ್ಟ್ಸು, ಟೆಸ್ಟಿಂಗ್ ಟೂಲ್ಸ್ ಹೊರಗಿನ ಗ್ಯಾರೇಜ್‌ಗಳಿಗೆ ಸಿಗದಂಗೆ ಮಾಡಿದಾರೆ ಅಂತ. ಹೊರಗೆ ಕೆಲ್ಸ ಮಾಡ್ಸಿದ ಒಂದೇ ಕಾರಣಕ್ಕೆ ಪೂರ್ತಿ ವಾರಂಟಿ ಕಿತ್ಕೊಳ್ಳಂಗಿಲ್ಲ, ಆ ಕೆಲ್ಸದಿಂದ ಕೆಟ್ಟಿದ್ದಕ್ಕೆ ಮಾತ್ರ ಇಲ್ಲ ಅನ್ಬಹುದು ಅಂತಾನೂ ಅದೇ ಆರ್ಡರ್‌ನಲ್ಲಿತ್ತು. ಕಂಪನಿಗಳು ಅಪೀಲ್ ಹೋದ್ವು, ಅದು ಬೇರೆ ಕತೆ. ನಾಳೆ ಇಂಜಿನ್ ಕ್ಲೇಮ್ ಬಂದಾಗ ಕೌಂಟರ್ ಮುಂದೆ ನಿಂತು ಈ ಆರ್ಡರ್ ಓದ್ತಾ ವಾದ ಮಾಡೋ ತಾಳ್ಮೆ ನಿಮಗಿದ್ಯಾ? ಇಲ್ಲಾಂದ್ರೆ ವಾರಂಟಿ ಇರೋವರೆಗೂ ಸರ್ವಿಸ್ ಸೆಂಟರ್‌ನಲ್ಲೇ ಮಾಡ್ಸಿ, ಫ್ರೀ ಸರ್ವಿಸ್ ಅಂದ್ರೆ ಲೇಬರ್ ಮಾತ್ರ ಫ್ರೀ, ಆಯಿಲ್ಲು ಫಿಲ್ಟರ್ ದುಡ್ಡು ಕೊಡ್ಬೇಕು, ಅದಕ್ಕೆ ಜಗಳ ತೆಗೀಬೇಡಿ ಮತ್ತೆ.