ಪ್ರತಿ: ಐರ್ಲೆಂಡಿನ ಹಳೇ ಪ್ರಾಣಿ ಕಾಯಿನ್, ಎರಡರಲ್ಲಿ ಯಾವುದು ತಗೊಳ್ಳಲಿ?

1928ರ ಕುದುರೆ ಹಾಫ್ ಕ್ರೌನು (ಎರಡೂವರೆ ಶಿಲ್ಲಿಂಗ್ ನಾಣ್ಯ), 1954ರ ಸಾಲ್ಮನ್ ಮೀನಿನ ಫ್ಲೋರಿನ್ನು (ಎರಡು ಶಿಲ್ಲಿಂಗ್ ನಾಣ್ಯ), ಎರಡಕ್ಕೂ ಬೆಳ್ಳಿ ಅಂತ ಒಂದೇ ರೇಟ್ ಹೇಳ್ತಿದಾರೆ ಅಂದ್ರಲ್ಲ, ಕಣ್ಮುಚ್ಕೊಂಡು ಕುದುರೆ ತಗೊಳ್ಳಿ. ಅದ್ರಲ್ಲಿ 75% ಬೆಳ್ಳಿ ಇದೆ, ತೂಕ 14.14 ಗ್ರಾಂ, ಅಂದ್ರೆ ಹತ್ತೂವರೆ ಗ್ರಾಂ ಮೇಲೆ ಅಪ್ಪಟ ಬೆಳ್ಳಿನೇ ಆಯ್ತು. ಮೀನಿಂದು ಬೆಳ್ಳಿ ಅಲ್ವೇ ಅಲ್ಲ, 1951ರಿಂದ ತಾಮ್ರ ನಿಕಲ್ ಮಿಶ್ರಣಕ್ಕೆ ಹೋಗ್ಬಿಟ್ರು. ಸೈಜು ತೂಕ ಮಾತ್ರ ಹಳೇ ಬೆಳ್ಳಿ ಫ್ಲೋರಿನ್ನಿನ ಹಾಗೇ ಇಟ್ಟಿದಾರೆ, ಅದಕ್ಕೆ ತಕ್ಕಡಿ ನಂಬಬೇಡಿ, ಇಸವಿ ನೋಡಿ. ಮೊಲ, ನಾಯಿ ಇರೋ ಚಿಲ್ರೆ ಕಾಯಿನ್‌ಗಳಲ್ಲಂತೂ ಮೊದಲಿಂದಲೂ ಬೆಳ್ಳಿ ಇಲ್ಲ, ಮೊದಲು ನಿಕಲ್, 1942ರಿಂದ ತಾಮ್ರ ನಿಕಲ್ ಮಿಶ್ರಣ.

ಈ ಪ್ರಾಣಿ ಡಿಸೈನ್ ಇಂಗ್ಲಿಷ್ ಶಿಲ್ಪಿ ಪರ್ಸಿ ಮೆಟ್ಕಾಫ್‌ದು. ಐರಿಷ್ ಕವಿ ಯೇಟ್ಸ್ ಅಧ್ಯಕ್ಷರಾಗಿದ್ದ ನಾಣ್ಯ ಕಮಿಟಿ ಕಲಾವಿದರಿಗೆ ಪುರಾತನ ಗ್ರೀಕ್ ನಾಣ್ಯಗಳ ಫೋಟೋ ಕಳಿಸಿ ಈ ಥರ ಮಾಡಿ ಅಂದಿತ್ತು, ಲಾರಿಸ್ಸಾ ಅನ್ನೋ ಗ್ರೀಕ್ ಊರಿನ ನಾಣ್ಯದ ಕುದುರೆ, ಥುರಿ ಅನ್ನೋ ಇನ್ನೊಂದು ಗ್ರೀಕ್ ಊರಿನ ನಾಣ್ಯದ ಗೂಳಿ ಎಲ್ಲ, ಅದಕ್ಕೇ ಆ ಕುದುರೆ ನಿಂತಿರೋ ಗತ್ತೇ ಬೇರೆ, ಈಗಿನ ಹೊಳಪಿನ ಕಲೆಕ್ಟರ್ ಕಾಯಿನ್‌ಗಳಲ್ಲಿ ನಂಗಂತೂ ಅದು ಕಾಣಲ್ಲ.

1943ರ ಫ್ಲೋರಿನ್ ಅಂತ ಯಾರಾದ್ರೂ ಸಸ್ತಾಗೆ ಕೊಡ್ತೀನಿ ಅಂದ್ರೆ ಮಾತ್ರ ಹುಷಾರು, ಅದು ಭಾರಿ ಅಪರೂಪ, ಸಸ್ತಾಗೆ ಸಿಕ್ರೆ ನಕಲಿ ಇರಬಹುದು. ಮತ್ತೆ ತಗೊಂಡ್ಮೇಲೆ ಕಪ್ಪಾಗಿದೆ ಅಂತ ದೇವರ ದೀಪದ ಥರ ವಿಭೂತಿ ಹಾಕಿ ಉಜ್ಜೋಕೆ ಹೋಗ್ಬೇಡಿ, ರೇಟ್ ತುಂಬಾ ಬೀಳತ್ತೆ.