ಬಿಳಿ ಕೋಟು ಹಾಕಿದವರೆಲ್ಲ ನರ್ಸ್ ಅಲ್ಲ ಅಕ್ಕಾ

ಸಕಲೇಶಪುರ ತಾಲ್ಲೂಕಿನ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಮಗಳು ಈ ಸಲ ಆರ್ಟ್ಸ್‌ನಲ್ಲಿ ಸೆಕೆಂಡ್ ಪಿಯುಸಿ ಪಾಸಾಗಿದ್ದಾಳೆ, 61 ಪರ್ಸೆಂಟ್. ನರ್ಸ್ ಆಗಬೇಕು ಅಂತ ಹಟ. ಹೋದ ತಿಂಗಳು ನಮ್ಮ ಪತ್ರಿಕೆಯಲ್ಲಿ ಬಂದ ‘ಒಂದೇ ವರ್ಷದಲ್ಲಿ ನರ್ಸ್ ಆಗಿ’ ಅನ್ನೋ ಜಾಹೀರಾತು ನೋಡಿ ಫೋನ್ ಮಾಡಿದರಂತೆ. ಅವರು ತಕ್ಷಣ ಅಡ್ವಾನ್ಸ್ ಕಟ್ಟಿ ಅಂದರಂತೆ. ಈ ನಡುವೆ ಫಸ್ಟ್ ಪಿಯುಸಿ ಸೇರಿದ ಮಗನೂ ‘ನಾನೂ ನರ್ಸಿಂಗ್ ಮಾಡ್ತೀನಿ’ ಅಂದನಂತೆ, ಮನೆಯವರು ನಕ್ಕರಂತೆ. ಕೊನೆಯಲ್ಲಿ ಕೇಳಿದ್ದಾರೆ: ‘ಯಾವ ಕೋರ್ಸ್ ಆದರೂ ನರ್ಸ್ ಅಂದರೆ ಎಲ್ಲ ಒಂದೇ ಅಲ್ವಾ?’

ಅಕ್ಕಾ, ನಮಸ್ಕಾರ.

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಆ ಜಾಹೀರಾತು ನಾನು ಓದದೆ ಅಚ್ಚಿಗೆ ಹೋಯಿತು. ಕಾಲು ಪುಟ, ದುಡ್ಡು ಮುಂಗಡ ಬಂದಿತ್ತು, ಸಂಚಿಕೆ ತಡವಾಗಿತ್ತು, ಇವೆಲ್ಲ ನೆಪ. ನಿಮ್ಮ ಪತ್ರ ಬಂದ ಮೇಲೆ ನಾನೇ ಆ ನಂಬರಿಗೆ ಫೋನ್ ಮಾಡಿ, ಮಗಳಿಗೆ ಸೀಟು ಬೇಕು ಅಂದೆ. ಕೋರ್ಸ್ ಮುಗಿದ ಮೇಲೆ ನರ್ಸಿಂಗ್ ಕೌನ್ಸಿಲ್‌ನಲ್ಲಿ ರಿಜಿಸ್ಟ್ರೇಷನ್ ಸಿಗುತ್ತಾ ಅಂತ ಕೇಳಿದೆ. ‘ಅದೆಲ್ಲ ಆಮೇಲೆ ನೋಡೋಣ ಸಾರ್, ಸೀಟು ಖಾಲಿ ಆಗ್ತಾ ಇದೆ’ ಅಂದರು. ಇನ್ನೊಂದು ಸಲ ಕೇಳಿದೆ. ಫೋನ್ ಕಟ್ ಆಯಿತು. ಇನ್ನು ಮುಂದೆ ಆ ಜಾಹೀರಾತು ನಮ್ಮಲ್ಲಿ ಬರುವುದಿಲ್ಲ. ನೀವು ಅಡ್ವಾನ್ಸ್ ಕಟ್ಟಿಲ್ಲ ಅಂತ ಬರೆದಿದ್ದೀರಿ, ಅದನ್ನು ಓದಿದ ಮೇಲೆ ನನಗೆ ನಿದ್ದೆ ಬಂತು.

ಈಗ ನಿಮ್ಮ ಪ್ರಶ್ನೆ. ಇಲ್ಲ ಅಕ್ಕಾ, ಎಲ್ಲ ಒಂದೇ ಅಲ್ಲ. ಆಸ್ಪತ್ರೆಯಲ್ಲಿ ಬಿಳಿ ಕೋಟೋ ನೀಲಿ ಡ್ರೆಸ್ಸೋ ಹಾಕಿಕೊಂಡು ಓಡಾಡುವವರನ್ನೆಲ್ಲ ನಾವು ಸಿಸ್ಟರ್ ಅಂತ ಕರೆಯುತ್ತೇವೆ. ಅವರಲ್ಲಿ ಕೆಲವರು ಆರು ತಿಂಗಳೋ ಒಂದು ವರ್ಷವೋ ಕಲಿತ ಸಹಾಯಕರು. ರೋಗಿಗೆ ಮೈ ಒರೆಸುವುದು, ಹಾಸಿಗೆ ಬದಲಿಸುವುದು, ವೀಲ್ ಚೇರ್ ತಳ್ಳುವುದು ಅವರ ಕೆಲಸ. ಅದು ಕೀಳು ಕೆಲಸ ಅಂತ ನಾನು ಹೇಳುತ್ತಿಲ್ಲ. ಹಾಸಿಗೆ ಹಿಡಿದವರ ಮನೆಯಲ್ಲಿ ಅಂಥ ಒಬ್ಬರು ಸಿಕ್ಕರೆ ಅವರೇ ದೇವರು. ಆದರೆ ಅವರು ನರ್ಸ್ ಅಲ್ಲ, ಆ ಸರ್ಟಿಫಿಕೇಟ್ ಹಿಡಿದುಕೊಂಡು ಮುಂದೆ ನರ್ಸ್ ಆಗಲೂ ಬರುವುದಿಲ್ಲ. ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ಪುಸ್ತಕದಲ್ಲಿ ಹೆಸರು, ಅದಕ್ಕೊಂದು ನಂಬರು ಇದ್ದವರು ಮಾತ್ರ ನರ್ಸ್. ಸರ್ಕಾರಿ ಕೆಲಸ, ವಿದೇಶ, ಮುಂದಿನ ಓದು, ಏನು ಬೇಕಾದರೂ ಮೊದಲು ಕೇಳುವುದು ಆ ನಂಬರನ್ನೇ. ನಿಮ್ಮ ಮಗಳಿಗೆ ಆ ನಂಬರು ತಂದುಕೊಡುವ ದಾರಿ ಯಾವುದು ಅಂತ ಮಾತ್ರ ನೋಡೋಣ.

ದಾರಿ ಮೂರಿವೆ. ಎ.ಎನ್.ಎಂ., ಜಿ.ಎನ್.ಎಂ., ಬಿ.ಎಸ್ಸಿ. ನರ್ಸಿಂಗ್.

ಬಿ.ಎಸ್ಸಿ. ಈಗ ನಿಮ್ಮ ಮಗಳಿಗೆ ಆಗುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅದು 4 ವರ್ಷದ ಡಿಗ್ರಿ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಜೊತೆಗೆ ಇಂಗ್ಲಿಷ್ ಓದಿರಬೇಕು, 45 ಪರ್ಸೆಂಟ್ ಬಂದಿರಬೇಕು. ಆರ್ಟ್ಸ್ ಹುಡುಗಿಯನ್ನು ‘ಅಡ್ಜಸ್ಟ್ ಮಾಡಿ’ ಬಿ.ಎಸ್ಸಿ.ಗೆ ಸೇರಿಸುತ್ತೇವೆ ಅಂತ ಯಾರಾದರೂ ಬಂದರೆ ಕಾಫಿ ಕೊಟ್ಟು ಕಳಿಸಿ. ದುಡ್ಡು ಕೊಡಬೇಡಿ.

ಎ.ಎನ್.ಎಂ., ಅಂದರೆ ಆಕ್ಸಿಲಿಯರಿ ನರ್ಸಿಂಗ್ ಅಂಡ್ ಮಿಡ್‌ವೈಫರಿ, 2 ವರ್ಷ. ಪಿಯುಸಿ ಯಾವ ವಿಭಾಗದಲ್ಲಿ ಆಗಿದ್ದರೂ ನಡೆಯುತ್ತದೆ, ಹೆಣ್ಣುಮಕ್ಕಳಿಗೆ ಮಾತ್ರ. ನಿಮ್ಮೂರಿಗೆ ಬರುವ ನರ್ಸಮ್ಮ ಇದ್ದಾರಲ್ಲ, ಅವರು ಓದಿರುವುದು ಇದೇ. ಸರ್ಕಾರ ಈಗ ಆ ಹುದ್ದೆಯನ್ನು ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ ಅಂತ ಕರೆಯುತ್ತದೆ, ಊರಿನವರ ಬಾಯಲ್ಲಿ ಮಾತ್ರ ನರ್ಸಮ್ಮನೇ. ಈ ಕೆಲಸದ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಇದನ್ನು ಜನ ‘ಬರೀ ಎ.ಎನ್.ಎಂ.’ ಅಂತ ಹಗುರವಾಗಿ ಮಾತಾಡುತ್ತಾರೆ, ನನಗೆ ಸಿಟ್ಟು ಬರುತ್ತದೆ. ಬಯಲುಸೀಮೆಯಲ್ಲಿ 5,000 ಜನಕ್ಕೆ ಒಂದು ಆರೋಗ್ಯ ಉಪಕೇಂದ್ರ, ಗುಡ್ಡಗಾಡಿನಲ್ಲಿ 3,000 ಜನಕ್ಕೆ ಒಂದು. ಕಾಗದದ ಮೇಲೆ ಮಲೆನಾಡಿನ ನರ್ಸಮ್ಮನಿಗೆ ಕೆಲಸ ಕಡಿಮೆ ಅನ್ನಿಸುತ್ತದೆ ಅಲ್ವಾ? ಆ 3,000 ಜನ ಎಲ್ಲಿದ್ದಾರೆ ನೋಡಿ. ಒಂದು ಮನೆ ಗುಡ್ಡದ ಈಚೆ, ಇನ್ನೊಂದು ಆಚೆ, ನಡುವೆ ಎಸ್ಟೇಟು, ಎಸ್ಟೇಟಿನೊಳಗೆ ಕೂಲಿಯವರ ಲೈನ್ ಮನೆಗಳು, ಅಲ್ಲಿ ಹಣ್ಣು ಕುಯ್ಯುವ ಹೊತ್ತಿಗೆ ಬಂದು ಮೂರು ತಿಂಗಳಿಗೆ ಹೋಗಿಬಿಡುವ ಕುಟುಂಬಗಳು, ಅವರಲ್ಲೊಬ್ಬಳು ಬಸುರಿ, ಅವಳ ತಾಯಿ ಕಾರ್ಡು ಇರುವುದು ಬೇರೆ ಯಾವುದೋ ಜಿಲ್ಲೆಯಲ್ಲಿ. ಗುರುವಾರ ಬಂದರೆ ಲಸಿಕೆ ಡಬ್ಬಿ ಹೆಗಲಿಗೆ ಹಾಕಿಕೊಂಡು ಹೊರಡಬೇಕು, ಐಸ್ ಕರಗುವುದರೊಳಗೆ ಮುಗಿಸಬೇಕು, ಆ ದಿನವೇ ‘ತೋಟದಲ್ಲಿ ಆನೆ ಇದೆ, ಯಾರೂ ಬರಬೇಡಿ’ ಅಂತ ವಾಟ್ಸಾಪ್ ಬರುತ್ತದೆ. ಕೊಪ್ಪ, ನರಸಿಂಹರಾಜಪುರದ ಕಡೆ ಹೋದರೆ ಬೇಸಿಗೆ ಬಂತೆಂದರೆ ಮಂಗನ ಕಾಯಿಲೆ, ಉಣುಗು ಕಚ್ಚಿ ಹರಡುವ ಜ್ವರ. ಯಾರಿಗೆ ಜ್ವರ ಬಂದಿದೆ, ಯಾರು ದರಗು (ಒಣ ಎಲೆ) ತರಲು ಕಾಡಿಗೆ ಹೋಗಿದ್ದರು, ಎಲ್ಲಿ ಮಂಗ ಸತ್ತಿದೆ ಅಂತ ಮನೆಮನೆಗೆ ಹೋಗಿ ಕೇಳಬೇಕು, ಉಣುಗು ಹತ್ತದ ಹಾಗೆ ಹಚ್ಚಿಕೊಳ್ಳುವ ಎಣ್ಣೆ ಹಂಚಬೇಕು. ಇದೆಲ್ಲ ಒಬ್ಬಳೇ ಹುಡುಗಿ, ಒಂದು ಸ್ಕೂಟಿ. ಆಶಾ ಕಾರ್ಯಕರ್ತೆಯರು ಜೊತೆಗಿರುತ್ತಾರೆ, ಆದರೆ ರಿಜಿಸ್ಟರಿನಲ್ಲಿ ಸಹಿ ಇವಳದ್ದು.

ನಿಮ್ಮ ಮಗಳಿಗೆ ಊರೂರು ತಿರುಗುವುದು, ಜನರ ಜೊತೆ ಮಾತಾಡುವುದು ಇಷ್ಟವಾದರೆ ಎ.ಎನ್.ಎಂ. ಒಳ್ಳೆಯದೇ. ಆದರೆ ದೊಡ್ಡ ಆಸ್ಪತ್ರೆಯ ವಾರ್ಡು, ಐಸಿಯು ಅಂತ ಕನಸಿದ್ದರೆ ಇದು ಸಾಲದು.

ಅದಕ್ಕೇ ನನ್ನ ಓಟು ಜಿ.ಎನ್.ಎಂ.ಗೆ. ಪೂರ್ತಿ ಹೆಸರು ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ, ಮಿಡ್‌ವೈಫರಿ ಅಂದರೆ ಹೆರಿಗೆ ಮಾಡಿಸುವ ವಿದ್ಯೆ. ಹಿಂದೆ ಮೂರೂವರೆ ವರ್ಷ ಇತ್ತು, ಈಗ 3 ವರ್ಷ. ಆರ್ಟ್ಸ್, ಕಾಮರ್ಸ್, ಸೈನ್ಸ್ ಯಾವುದಾದರೂ ಸರಿ, ಇಂಗ್ಲಿಷ್ ಇರಬೇಕು, 40 ಪರ್ಸೆಂಟ್ ಬಂದಿರಬೇಕು, 17 ವರ್ಷ ತುಂಬಿರಬೇಕು. ನಿಮ್ಮ ಮಗಳ 61 ಧಾರಾಳವಾಯಿತು. ಪರೀಕ್ಷೆ ನಡೆಸಲು ರಾಜ್ಯದಲ್ಲಿ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯೇ ಬೇರೆ ಇದೆ. ಪಾಸಾದರೆ ಕೌನ್ಸಿಲ್‌ನಲ್ಲಿ ನರ್ಸ್ ಮತ್ತು ಮಿಡ್‌ವೈಫ್ ಅಂತ ಹೆಸರು ಹತ್ತುತ್ತದೆ. ಆಮೇಲೆ ಡಿಗ್ರಿ ಬೇಕು ಅನ್ನಿಸಿದರೆ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಅಂತ 2 ವರ್ಷದ ಕೋರ್ಸ್ ಇದೆ. ಮೂರು, ಎರಡು, ಐದು. ಸೈನ್ಸ್ ಓದಿದವಳಿಗೆ ನಾಲ್ಕು. ಆರ್ಟ್ಸ್ ತಗೊಂಡು ಜೀವನ ಹಾಳಾಯಿತು ಅಂತ ಪತ್ರದಲ್ಲಿ ಬರೆದಿದ್ದೀರಲ್ಲ, ಹಾಳಾಗಿದ್ದು ಒಂದು ವರ್ಷ, ಅಷ್ಟೇ. ಅದಾದ ಮೇಲೆ 2 ವರ್ಷದ ಎಂ.ಎಸ್ಸಿ. ಇದೆ, ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದ್ದರೆ.

ಬರೀ ಜಿ.ಎನ್.ಎಂ. ಆದವರನ್ನು ದೊಡ್ಡ ಕಡೆ ತಗೊಳ್ಳಲ್ಲ ಅಂತ ನಿಮ್ಮ ನಾದಿನಿ ಹೇಳಿದ್ದು ಅರ್ಧ ಸರಿ. ದೆಹಲಿಯ ಏಮ್ಸ್‌ನಂಥ ಕೇಂದ್ರ ಸರ್ಕಾರದ ದೊಡ್ಡ ಆಸ್ಪತ್ರೆಗಳಲ್ಲಿ ನರ್ಸಿಂಗ್ ಆಫೀಸರ್ ಹುದ್ದೆಗೆ ನಾರ್ಸೆಟ್ ಅಂತ ಪರೀಕ್ಷೆ ಇದೆ. ಅದಕ್ಕೆ ಬಿ.ಎಸ್ಸಿ. ಆದವರು ನೇರ ಕೂರಬಹುದು. ಜಿ.ಎನ್.ಎಂ. ಆದವರು 50 ಹಾಸಿಗೆಯಾದರೂ ಇರುವ ಆಸ್ಪತ್ರೆಯಲ್ಲಿ 2 ವರ್ಷ ಕೆಲಸ ಮಾಡಿ ಕೂರಬಹುದು. ಅಲ್ಲಿ ಶುರುವಿನ ಮೂಲ ವೇತನವೇ 44,900 ರೂಪಾಯಿ. ನಮ್ಮ ಕಡೆಯ ಎಷ್ಟೋ ಖಾಸಗಿ ನರ್ಸಿಂಗ್ ಹೋಮುಗಳಲ್ಲಿ ಕೊಡುವುದು ಅದರ ಅರ್ಧವೂ ಇಲ್ಲ. ಇದನ್ನು ಮುಚ್ಚಿಟ್ಟು ‘ನರ್ಸಿಂಗ್ ಮಾಡಿದರೆ ಕೈತುಂಬ ಸಂಬಳ’ ಅಂತ ನಾನು ಬರೆದರೆ ಆ ಜಾಹೀರಾತಿಗೂ ನನಗೂ ಏನು ವ್ಯತ್ಯಾಸ? ಮೊದಲ ಎರಡು ಮೂರು ವರ್ಷ ಕಷ್ಟ ಇದೆ. ನೈಟ್ ಡ್ಯೂಟಿ ಇದೆ. ಹಬ್ಬಕ್ಕೆ ರಜೆ ಸಿಗದೆ ಹಾಸ್ಟೆಲಿನಲ್ಲಿ ಅಳುವುದೂ ಇದೆ.

ಕೆಲಸ ಕಲಿತ ಮೇಲೆ ಕವಲುಗಳು ಬಹಳ. ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾಗಳಿವೆ. ಐಸಿಯು, ಆಪರೇಷನ್ ಥಿಯೇಟರ್, ಕ್ಯಾನ್ಸರ್, ಎಳೆಗೂಸುಗಳ ಆರೈಕೆ, ಹೃದಯ, ಎಮರ್ಜೆನ್ಸಿ. ಮಾನಸಿಕ ರೋಗಿಗಳ ನರ್ಸಿಂಗ್ ಕಲಿಯುವವರಿಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಹಳ್ಳಿಯಲ್ಲೇ ಇರುತ್ತೇನೆ ಅನ್ನುವವರಿಗೆ ಇನ್ನೊಂದು ಕೆಲಸ ಇದೆ, ಸಮುದಾಯ ಆರೋಗ್ಯ ಅಧಿಕಾರಿ, ಜನ ಸಿ.ಎಚ್.ಓ. ಅನ್ನುತ್ತಾರೆ. ಉಪಕೇಂದ್ರದಲ್ಲಿ ಕೂತು ಬಿಪಿ, ಶುಗರ್ ನೋಡಿ ಮಾತ್ರೆ ಕೊಡುವವರು. ಜಿ.ಎನ್.ಎಂ. ಆದವರು ಅದಕ್ಕೆ 6 ತಿಂಗಳ ತರಬೇತಿ ತಗೊಳ್ಳಬೇಕು. ಗುತ್ತಿಗೆ ಕೆಲಸ ಅನ್ನುವುದು ನೆನಪಿರಲಿ.

ವಿದೇಶದ ವಿಷಯ ನೀವು ಕೇಳಿಲ್ಲ, ಆದರೆ ಯಾರಾದರೂ ಕಿವಿಯಲ್ಲಿ ಊದೇ ಊದುತ್ತಾರೆ. ಜರ್ಮನಿಗೆ ಜರ್ಮನ್ ಭಾಷೆ ಕಲಿಯಬೇಕು. ಇಂಗ್ಲೆಂಡಿಗೆ ಇಂಗ್ಲಿಷ್ ಪರೀಕ್ಷೆ, ಅದಾದ ಮೇಲೆ ಕಂಪ್ಯೂಟರಿನಲ್ಲಿ ಬರೆಯುವ ನರ್ಸಿಂಗ್ ಪರೀಕ್ಷೆ, ಅಲ್ಲಿಗೆ ಹೋದ ಮೇಲೆ ಕೆಲಸ ಮಾಡಿ ತೋರಿಸುವ ಪರೀಕ್ಷೆ. ಅಮೆರಿಕಕ್ಕೆ ಎನ್‌ಕ್ಲೆಕ್ಸ್ ಅನ್ನೋ ಪರೀಕ್ಷೆ. ಏಜೆಂಟರು ಕೇಂದ್ರ ಸರ್ಕಾರದಲ್ಲಿ ನೋಂದಾಯಿಸಿರಬೇಕು, ಅವರು ತಗೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿ.ಎಸ್.ಟಿ., ಅದಕ್ಕಿಂತ ಹೆಚ್ಚಿಲ್ಲ. ಲಕ್ಷಗಳ ಮಾತು ಬಂದರೆ ಎದ್ದು ಬನ್ನಿ. ಈ ಮಾತು ಇನ್ನೂ ಐದು ವರ್ಷ ದೂರ ಇದೆ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಕಾಲೇಜು ಹುಡುಕುವಾಗ ಕಟ್ಟಡ ನೋಡಬೇಡಿ, ಬಸ್ಸು ನೋಡಬೇಡಿ. ‘ಮಕ್ಕಳನ್ನು ಡ್ಯೂಟಿಗೆ ಯಾವ ಆಸ್ಪತ್ರೆಗೆ ಕಳಿಸ್ತೀರಿ?’ ಅಂತ ಕೇಳಿ. ನರ್ಸಿಂಗ್ ಕಲಿಯುವುದು ಬೆಂಚಿನ ಮೇಲಲ್ಲ, ವಾರ್ಡಿನಲ್ಲಿ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಲೆಕ್ಕದಲ್ಲಿ ಒಬ್ಬ ವಿದ್ಯಾರ್ಥಿಗೆ ಮೂರು ರೋಗಿಗಳಾದರೂ ಇರಬೇಕು. ಹದಿನೈದು ಹಾಸಿಗೆಯ ನರ್ಸಿಂಗ್ ಹೋಮಿಗೆ ಅರವತ್ತು ಮಕ್ಕಳನ್ನು ಕಳಿಸಿದರೆ ಅವರು ಏನು ಕಲಿಯುತ್ತಾರೆ? ಒಬ್ಬಳು ಬಿಪಿ ನೋಡುತ್ತಾಳೆ, ಉಳಿದವರು ಅವಳನ್ನು ನೋಡುತ್ತಾರೆ. ಹೆರಿಗೆ ವಾರ್ಡು ತುಂಬಿ ತುಳುಕುವ ದೊಡ್ಡ ಆಸ್ಪತ್ರೆಯಲ್ಲಿ ಮೂರು ವರ್ಷ ಓಡಾಡಿದ ಹುಡುಗಿಯ ಕೈಯೇ ಬೇರೆ. ಇಲ್ಲಿ ಹಾಸನದ ನಮ್ಮ ಹಿಮ್ಸ್ ಆಸ್ಪತ್ರೆಗೆ ಒಂದು ಬೆಳಿಗ್ಗೆ ಬಂದು ಹೊರಗೆ ನಿಲ್ಲಿ. ಡ್ಯೂಟಿಗೆ ಬರುವ ವಿದ್ಯಾರ್ಥಿನಿಯರನ್ನು ಮಗಳೇ ಮಾತಾಡಿಸಲಿ. ಕಾಲೇಜಿನ ಆಫೀಸಿನವರು ಹೇಳದ್ದನ್ನು ಆ ಮಕ್ಕಳು ಹತ್ತು ನಿಮಿಷದಲ್ಲಿ ಹೇಳುತ್ತಾರೆ. ಆಮೇಲೆ ರಾಜ್ಯ ಕೌನ್ಸಿಲ್‌ನ ಮಾನ್ಯತೆ ಪತ್ರ ಕೇಳಿ, ಈ ವರ್ಷದ್ದು, ಹಳೆಯದಲ್ಲ.

ಇನ್ನು ಮಗನ ವಿಷಯ. ನಿಮ್ಮ ಯಜಮಾನರು ನಕ್ಕರು ಅಂತ ಬರೆದಿದ್ದೀರಿ. ಅವರಿಗೆ ಒಂದು ಸಂಗತಿ ಓದಿ ಹೇಳಿ. ನಾಲ್ಕು ವರ್ಷದ ಹಿಂದೆ ನನ್ನ ತಾಯಿ ಐಸಿಯುನಲ್ಲಿದ್ದರು. ರಾತ್ರಿ ಮೂರು ಗಂಟೆ. ಮಾನಿಟರ್ ಮೇಲೆ ಎಲ್ಲ ಅಂಕಿಗಳೂ ಸರಿಯಾಗೇ ಇದ್ದವು, ನಾನು ಅದನ್ನೇ ನೋಡುತ್ತಾ ಧೈರ್ಯ ತಗೊಂಡು ಕೂತಿದ್ದೆ. ಡ್ಯೂಟಿಯಲ್ಲಿದ್ದ ಹುಡುಗ, ಇಪ್ಪತ್ತಾರು ಇಪ್ಪತ್ತೇಳು ವಯಸ್ಸಿರಬೇಕು, ಮಾನಿಟರ್ ನೋಡಲಿಲ್ಲ, ಬಗ್ಗಿ ಮಂಚದ ಕೆಳಗಿನ ಮೂತ್ರದ ಚೀಲ ನೋಡಿದ. ಹಿಂದಿನ ಎರಡು ತಾಸಿನಲ್ಲಿ ತಾಸಿಗೆ 30 ಎಂ.ಎಲ್. ಮೂತ್ರ ಕೂಡ ಬಂದಿರಲಿಲ್ಲ. ಡಾಕ್ಟರನ್ನು ಎಬ್ಬಿಸಿದ. ಅವರು ಗೊಣಗಿದರು, ಇವನು ಬಿಡಲಿಲ್ಲ. ಸೋಂಕು ರಕ್ತಕ್ಕೆ ಇಳಿಯುತ್ತಿತ್ತಂತೆ, ಬಿಪಿ ಬೀಳುವ ಮೊದಲೇ ಸಿಕ್ಕಿತು. ಅಮ್ಮ ಈಗಲೂ ಅವನನ್ನು ‘ಆ ಬ್ರದರ್’ ಅಂತ ನೆನೆಯುತ್ತಾರೆ. ಬ್ರದರ್ ಅಂತಲೇ ಕರೆಯುವುದು ಗಂಡು ನರ್ಸ್‌ಗಳನ್ನು, ಎಲ್ಲ ಆಸ್ಪತ್ರೆಯಲ್ಲೂ.

ಹುಡುಗರಿಗೆ ಎ.ಎನ್.ಎಂ. ಇಲ್ಲ. ಸೈನ್ಯದ ಮಿಲಿಟರಿ ನರ್ಸಿಂಗ್ ಸರ್ವಿಸ್‌ಗೂ ತಗೊಳ್ಳುವುದು ಹೆಣ್ಣುಮಕ್ಕಳನ್ನೇ. ಅಂದಹಾಗೆ ಅದು ಬಹಳ ಒಳ್ಳೆಯ ದಾರಿ, ನೀಟ್ ಬರೆಯಬೇಕು, ಓದು ಮುಗಿದ ಮೇಲೆ ಲೆಫ್ಟಿನೆಂಟ್ ಆಗಿ ಸೇರುತ್ತಾರೆ, ಬೇರೆ ಯಾರಾದರೂ ಸೈನ್ಸ್ ಓದುವ ಹುಡುಗಿಯರು ಇದನ್ನು ಓದುತ್ತಿದ್ದರೆ ಗಮನಿಸಿ. ಏಮ್ಸ್‌ನಲ್ಲಿ ನೂರಕ್ಕೆ 80 ಹುದ್ದೆ ಹೆಂಗಸರಿಗೆ, 20 ಗಂಡಸರಿಗೆ. ಹೀಗೆ ಬಾಗಿಲು ಸ್ವಲ್ಪ ಕಿರಿದು, ಮುಚ್ಚಿಲ್ಲ. ಜಿ.ಎನ್.ಎಂ., ಬಿ.ಎಸ್ಸಿ. ಎರಡೂ ಗಂಡುಮಕ್ಕಳಿಗೆ ತೆರೆದಿವೆ. ಐಸಿಯು, ಎಮರ್ಜೆನ್ಸಿ, ಡಯಾಲಿಸಿಸ್ ಕಡೆ ಹುಡುಗರು ಈಗ ಬಹಳ ಜನ ಕಾಣುತ್ತಾರೆ.

ನಿಮ್ಮ ಮಗ ಸೈನ್ಸ್ ಅಂತ ಬರೆದಿದ್ದೀರಿ, ಯಾವ ಕಾಂಬಿನೇಷನ್ ಅಂತ ಬರೆದಿಲ್ಲ. ಅವನು ಪಿ.ಸಿ.ಎಂ.ಬಿ.ನಾ, ಪಿ.ಸಿ.ಎಂ.ಸಿ.ನಾ? ಕಂಪ್ಯೂಟರ್ ಸೈನ್ಸ್ ತಗೊಂಡಿದ್ದರೆ ಬಯಾಲಜಿ ಇರುವುದಿಲ್ಲ, ಬಿ.ಎಸ್ಸಿ. ನರ್ಸಿಂಗ್ ಕೈತಪ್ಪುತ್ತದೆ, ತನ್ನ ಅಕ್ಕನ ಹಾಗೆ ಅವನೂ ಸುತ್ತಿ ಬಳಸಿ ಬರಬೇಕಾಗುತ್ತದೆ. ಕಾಲೇಜು ಶುರುವಾಗಿ ಕೆಲವೇ ವಾರ ಆಗಿರುವುದು, ಸೋಮವಾರವೇ ಹೋಗಿ ಪ್ರಿನ್ಸಿಪಾಲರನ್ನು ಕೇಳಿದರೆ ಬದಲಾಯಿಸಿಕೊಡಬಹುದು. ಪತ್ರ ಬರೆಯುತ್ತಾ ಕೂರಬೇಡಿ, ಆಫೀಸಿಗೆ ಫೋನ್ ಮಾಡಿ ಹೇಳಿ. ಮಧ್ಯಾಹ್ನ ಎರಡರ ಮೇಲೆ ನಾನೇ ಎತ್ತುತ್ತೇನೆ.

— ಸಂಪಾದಕ, ಹಾಸನ