ನಲವತ್ತೈದರ ನಂತರ ಮೀನು, ಮೊಟ್ಟೆ, ಹಾಲು ಬಿಟ್ಟು ಪೂರ್ತಿ ಸಸ್ಯಾಹಾರಕ್ಕೆ ಹೋಗುವುದು ಹೇಗೆ? ಒಮ್ಮೆಲೇ ಬಿಡಲೇ, ಹಂತ ಹಂತವಾಗಿಯೇ?

ಕುಮಟಾದವರು, ಮೀನಿಲ್ಲದೆ ಊಟ ಇಳಿಯದವರು, ಈಗ ಮುಪ್ಪಿನಲ್ಲಿ ಗಟ್ಟಿಯಾಗಿರಬೇಕೆಂದು ಎಲ್ಲವನ್ನೂ ಬಿಡಲು ಹೊರಟಿದ್ದೀರಿ. 2016ರಲ್ಲಿ ನಾನೂ ಹೀಗೆಯೇ ಹೊರಟವಳು.

ನಾನು ಕಾರವಾರದ ಕೋಡಿಬಾಗದವಳು. ಬಂಗಡೆ ಹುಳಿಗೆ ನಾಲಿಗೆ ಜುಮ್ಮೆನಿಸುವ ಮಸಾಲೆ ಜುಮ್ಮನಕಾಯಿಯನ್ನು ಎಷ್ಟು ಜಜ್ಜಿ ಹಾಕಬೇಕೆಂಬುದನ್ನು ಅಕ್ಷರಕ್ಕಿಂತ ಮೊದಲೇ ಕಲಿತಿದ್ದೆ. 2011ರಲ್ಲಿ ಸಕ್ಕರೆ ಕಾಯಿಲೆ ಪತ್ತೆಯಾಗಿ ಮೆಟ್‌ಫಾರ್ಮಿನ್ ಮಾತ್ರೆ ಶುರುವಾಯಿತು. ಐದು ವರ್ಷದ ಮೇಲೆ ಶಿರಸಿಯ ಶಾಲೆಯೊಂದಕ್ಕೆ ವರ್ಗವಾಯಿತು. ಮಹಡಿಯ ಮೇಲೆ ಬಾಡಿಗೆ ಮನೆ, ಕೆಳಗೆ ಹವ್ಯಕ ಕುಟುಂಬ. ಮೀನು ಬೇಯಿಸಬೇಡಿ ಎಂದು ಅವರು ಒಮ್ಮೆಯೂ ಹೇಳಲಿಲ್ಲ. ಆದರೆ ಒಗ್ಗರಣೆಯ ವಾಸನೆ ಮೆಟ್ಟಿಲಿಳಿದು ಅವರ ದೇವರ ಕೋಣೆಗೆ ಹೋಗುತ್ತದೆಂಬ ಅಳುಕು ನನಗೇ ಇತ್ತು. ಅದೇ ಹೊತ್ತಿಗೆ ಸಸ್ಯಾಹಾರದಿಂದ ಸಕ್ಕರೆಯೂ ಕೊಬ್ಬೂ ಇಳಿಯುತ್ತವೆ ಎಂದು ಓದಿದ್ದೆ. ಅರ್ಧಂಬರ್ಧ ಮಾಡುವುದು ನನ್ನ ಜಾಯಮಾನವಲ್ಲ. ಮೀನಿನ ಜೊತೆಗೆ ಮೊಟ್ಟೆ, ಹಾಲು, ಮೊಸರು, ತುಪ್ಪ ಎಲ್ಲವನ್ನೂ ಒಂದೇ ದಿನ ಬಿಟ್ಟೆ. ಕೆಳಗಿನ ಮನೆಯ ಅಮ್ಮ ಒಂದೆಲಗದ ತಂಬುಳಿ ತಂದುಕೊಟ್ಟರೆ, ಮಜ್ಜಿಗೆ ಇದೆಯಲ್ಲ ಎಂದು ನಯವಾಗಿ ಹಿಂದಿರುಗಿಸಿ, ತೆಂಗಿನಹಾಲಿನಲ್ಲಿ ನನ್ನದೇ ತಂಬುಳಿ ಮಾಡಿಕೊಳ್ಳುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಸುಳ್ಳು ಹೇಳುವುದಿಲ್ಲ, ಲಾಭವಾಯಿತು. ಒಂದೂವರೆ ವರ್ಷದಲ್ಲಿ ಏಳು ಕಿಲೋ ಇಳಿದೆ. ಮೂರು ತಿಂಗಳ ಸರಾಸರಿ ಸಕ್ಕರೆ (HbA1c) ಶೇಕಡಾ 8.4ರಿಂದ 6.9ಕ್ಕೆ ಬಂತು. ಶಿಕ್ಷಕರ ಕೊಠಡಿಯಲ್ಲಿ ಸಿಕ್ಕವರಿಗೆಲ್ಲ ಉಪದೇಶ ಮಾಡತೊಡಗಿದೆ.

2019ರ ಮಳೆಗಾಲದಲ್ಲಿ ಒಂದು ದಿನ ನಾಲ್ಕನೆಯ ಪಿರಿಯಡ್ ಮುಗಿಸಿ ಬಂದು ಕುಳಿತೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು, "ಟೀಚರ್, ನಿಮ್ಮ ಚಪ್ಪಲಿ" ಎಂದಳು. ನೋಡಿದರೆ ಬಲಗಾಲು ಬರಿಗಾಲು. ಚಪ್ಪಲಿ ಜಾರಿದ್ದೂ ಗೊತ್ತಾಗಿರಲಿಲ್ಲ, ಉದ್ದನೆಯ ಒದ್ದೆ ಜಗಲಿಯಲ್ಲಿ ಒಂದೇ ಚಪ್ಪಲಿಯಲ್ಲಿ ನಡೆದು ಬಂದದ್ದೂ ಗೊತ್ತಾಗಿರಲಿಲ್ಲ.

ಮೊದಲು ತೋರಿಸಿದ ವೈದ್ಯರು ಇದು ಸಕ್ಕರೆ ಕಾಯಿಲೆಯ ನರದೋಷ ಎಂದರು. ಅವರನ್ನು ಪೂರ್ತಿ ದೂರುವಂತಿಲ್ಲ, ಏನು ತಿನ್ನುತ್ತೀರಿ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಎಂಟು ತಿಂಗಳು ಹೀಗೇ ಹೋಯಿತು. ಕೊನೆಗೆ ಹುಬ್ಬಳ್ಳಿಯಲ್ಲಿ ನರರೋಗದ ವೈದ್ಯರೊಬ್ಬರು ಶ್ರುತಿಕವೆಯನ್ನು (ಟ್ಯೂನಿಂಗ್ ಫೋರ್ಕ್) ಅಂಗೈಗೆ ಬಡಿದು ನನ್ನ ಕಾಲಿನ ಹೆಬ್ಬೆರಳ ಗೆಣ್ಣಿನ ಮೇಲಿಟ್ಟು, "ಕಂಪನ ನಿಂತಾಗ ಹೇಳಿ" ಎಂದರು. ನಾನು ಕಾದೆ. "ಸರ್, ಇನ್ನೂ ಶುರುವೇ ಆಗಿಲ್ಲವಲ್ಲ" ಎಂದೆ. ಅವರು ಕೈ ತೆಗೆದು, "ಮೀನು, ಹಾಲು ತೆಗೆದುಕೊಳ್ಳುತ್ತೀರಾ?" ಎಂದು ಕೇಳಿದರು. ವಿಟಮಿನ್ ಬಿ12 ಪರೀಕ್ಷೆಯಲ್ಲಿ 112 ಬಂತು. ಆ ಪ್ರಯೋಗಾಲಯದ ಕನಿಷ್ಠ ಮಿತಿಯೇ 200ರ ಆಸುಪಾಸಿನಲ್ಲಿತ್ತು.

ನನ್ನ ತಪ್ಪು ಇದೊಂದೇ: ಬಿ12 ಇನ್ನೆಲ್ಲಿಂದ ಬರಬೇಕೆಂದು ಯೋಚಿಸದೆ ಎಲ್ಲವನ್ನೂ ಬಿಟ್ಟದ್ದು. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಸಹಿಸಿಕೊಳ್ಳಿ. ಬಿ12 ಯಾವ ಗಿಡವೂ ತಯಾರಿಸುವ ವಸ್ತುವಲ್ಲ. ಬ್ಯಾಕ್ಟೀರಿಯಾ ತಯಾರಿಸುತ್ತವೆ, ಮೀನು, ಮಾಂಸ, ಮೊಟ್ಟೆ, ಹಾಲಿನ ಮೂಲಕ ನಮಗೆ ಸಿಗುತ್ತದೆ. ದಿನಕ್ಕೆ ಬೇಕಾಗುವುದು ಸುಮಾರು 2.4 ಮೈಕ್ರೋಗ್ರಾಂ ಮಾತ್ರ, ಯಕೃತ್ತಿನಲ್ಲಿ ಇರುವ ದಾಸ್ತಾನು ಮಿಲಿಗ್ರಾಂ ಲೆಕ್ಕದಲ್ಲಿ. ಅದಕ್ಕೇ ಬಿಟ್ಟ ಕೂಡಲೇ ಏನೂ ಆಗುವುದಿಲ್ಲ. ಎರಡು ಮೂರು ವರ್ಷ ಚೆನ್ನಾಗಿಯೇ ಇರುತ್ತೀರಿ, ನನ್ನ ಹಾಗೆ ಉಪದೇಶವನ್ನೂ ಮಾಡುತ್ತೀರಿ. ಒಳಗೆ ಕಣಜ ಬರಿದಾಗುತ್ತಿರುತ್ತದೆ. ಮೆಟ್‌ಫಾರ್ಮಿನ್ ಬಹುಕಾಲ ತೆಗೆದುಕೊಂಡರೆ ಬಿ12 ಹೀರಿಕೊಳ್ಳುವುದೂ ಕಡಿಮೆಯಾಗಬಹುದು. ಅಂದರೆ ಕಣಜಕ್ಕೆ ಮೊದಲೇ ತೂತು ಬಿದ್ದಿತ್ತು, ನಾನು ತುಂಬುವುದನ್ನೂ ನಿಲ್ಲಿಸಿದೆ. ಇನ್ನೊಂದು ಕಿತಾಪತಿ ಇದೆ: ದಿನವೂ ಬಸಳೆ, ಹರಿವೆ ತಿನ್ನುತ್ತಿದ್ದೆನಲ್ಲ, ಸೊಪ್ಪಿನಲ್ಲಿರುವ ಫೋಲೇಟ್ ಎಂಬ ಇನ್ನೊಂದು ಬಿ ವಿಟಮಿನ್ ರಕ್ತವನ್ನು ಮಟ್ಟಸವಾಗಿ ಇಡಬಲ್ಲದು, ನರವನ್ನು ಕಾಯಲಾರದು. ನನ್ನ ಹಿಮೋಗ್ಲೋಬಿನ್ 12.8 ಇತ್ತು. ಅದನ್ನು ನೋಡಿ ಎಲ್ಲ ಸರಿಯಿದೆ ಎಂದುಕೊಂಡೆ. ಮೇಲಾಗಿ ಸ್ಪಿರುಲಿನಾ ಎಂಬ ಪಾಚಿಯ ಪುಡಿ ಬೇರೆ ಕೊಳ್ಳುತ್ತಿದ್ದೆ. ಅದರಲ್ಲಿರುವುದು ಬಹುಪಾಲು ಬಿ12ರ ವೇಷ ಹಾಕಿದ ವಸ್ತು, ನಮ್ಮ ದೇಹಕ್ಕೆ ಕೆಲಸಕ್ಕೆ ಬಾರದು. ಇಡ್ಲಿ ಹಿಟ್ಟು ಹುಳಿ ಬಂದರೆ ಬಿ12 ಹುಟ್ಟುತ್ತದೆ ಎಂಬ ಮಾತನ್ನೂ ನೆಚ್ಚಬೇಡಿ.

ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು, ತಿಂಗಳಿಗೊಂದು ಚುಚ್ಚುಮದ್ದು. ವರ್ಷದಲ್ಲಿ ನಡಿಗೆ ಸರಿಯಾಯಿತು. ಬಲಗಾಲಿನ ಎರಡು ಬೆರಳು ಇವತ್ತಿಗೂ ನನ್ನವಲ್ಲ.

ಈಗ ನಿಮ್ಮ ಪ್ರಶ್ನೆ. ಒಮ್ಮೆಲೇ ಬಿಡಲೇ, ಹಂತ ಹಂತವಾಗಿಯೇ ಎಂಬುದು ಕೇಳಬೇಕಾದ ಪ್ರಶ್ನೆಯೇ ಅಲ್ಲ ಎಂಬುದು ನನ್ನ ಅಭಿಪ್ರಾಯ. ಆರೋಗ್ಯವೇ ಗುರಿಯಾದರೆ ಮೀನನ್ನು ಪೂರ್ತಿ ಏಕೆ ಬಿಡುತ್ತೀರಿ? ಪ್ರಾಣಿಹಿಂಸೆ ಬೇಡವೆಂದೋ ವ್ರತವೆಂದೋ ಬಿಡುವುದಾದರೆ ಕೈ ಮುಗಿಯುತ್ತೇನೆ, ಆದರೆ ನೀವು ಬರೆದದ್ದು ಆಯುಷ್ಯದ ಮಾತು. ನಿಮ್ಮ ಅಘನಾಶಿನಿಯ ಬೆಳಚಿನಂಥ ಚಿಪ್ಪುಜೀವಿಗಳಲ್ಲಿರುವಷ್ಟು ಬಿ12 ಸಿಗುವ ಆಹಾರ ಕಡಿಮೆ. ಕರಾವಳಿಯವರ ತಟ್ಟೆಯಲ್ಲಿ ಕಡಿಮೆಯಾಗಬೇಕಾದದ್ದು ಮೀನಿಗಿಂತ ಮೊದಲು ಅನ್ನದ ರಾಶಿ, ರವೆ ಹಚ್ಚಿ ಎಣ್ಣೆಯಲ್ಲಿ ಹುರಿಯುವ ಚಟ, ಬೇಕರಿಯ ಖಾರಿ. ನಿಮ್ಮ ಉಪ್ಪುನೀರ ಗದ್ದೆಯ ಕಗ್ಗ ಭತ್ತದ ಕೆಂಪಕ್ಕಿ ರುಚಿ, ಒಪ್ಪಿದೆ, ಆದರೂ ಅದು ಅಕ್ಕಿಯೇ.

ನಾನು ಈಗ ಕಾರವಾರಕ್ಕೆ ಮರಳಿದ್ದೇನೆ. ವಾರದಲ್ಲಿ ಐದು ದಿನ ಹುರುಳಿ ಸಾರು, ಅಲಸಂಡೆ, ಹೆಸರುಕಾಳು, ಸೊಪ್ಪು. ತೊಗರಿಬೇಳೆಗೆ ನಾಲ್ಕು ಜುಮ್ಮನಕಾಯಿ ಬಿದ್ದರೆ ನಾಲಿಗೆ ಅರ್ಧ ಮೋಸ ಹೋಗುತ್ತದೆ. ಬುಧವಾರ, ಭಾನುವಾರ ಬಂಗಡೆಯೋ ತಾರ್ಲೆಯೋ ಇರುತ್ತದೆ, ಹುಳಿ ಮಾತ್ರ, ಹುರಿಯುವುದಿಲ್ಲ. ದಿನಕ್ಕೊಂದು ಲೋಟ ಮಜ್ಜಿಗೆ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧವಿದ್ದು ಮೀನಿನ ಬೆಲೆ ಏರಿದಾಗ ಸಹಜವಾಗಿಯೇ ಸಸ್ಯಾಹಾರಿಯಾಗುತ್ತೇನೆ. ಬಿ12 ಮಾತ್ರೆ ವರ್ಷಪೂರ್ತಿ ನಡೆಯುತ್ತದೆ.

ಇಷ್ಟು ಕೇಳಿಯೂ ಪೂರ್ತಿ ಬಿಡುವ ಹಟವಿದ್ದರೆ ಬಿಡಿ, ತಪ್ಪೇನಿಲ್ಲ. ಬಿಡುವ ಮುನ್ನವೇ ಬಿ12 ಪರೀಕ್ಷೆ ಮಾಡಿಸಿ, ಎಷ್ಟು ಪ್ರಮಾಣದ ಮಾತ್ರೆ ಬೇಕೆಂದು ವೈದ್ಯರಲ್ಲಿ ಕೇಳಿ ಮೊದಲ ದಿನದಿಂದಲೇ ಶುರುಮಾಡಿ. ಅಂದ ಹಾಗೆ, ನಿಮಗೆ ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ಎಂದು ಬರೆದಿಲ್ಲ. ಮೆಟ್‌ಫಾರ್ಮಿನ್ ನುಂಗುತ್ತಿದ್ದೀರಾ?